ಪೇಸ್‌ಮೇಕರ್ ಹಾಕಿದ ಮೇಲೂ ಖಾಲಿ ಉಳಿದಿದ್ದ ಕಲಂ: ಒಂದು ಪ್ರಕರಣ ಅಧ್ಯಯನ

ದಕ್ಷಿಣ ಕರ್ನಾಟಕದ ತಾಲ್ಲೂಕು ಕೇಂದ್ರವೊಂದರಲ್ಲಿ ಹೊಲಿಗೆ ಅಂಗಡಿ ಇಟ್ಟುಕೊಂಡಿದ್ದ 43 ವರ್ಷದ ಮಹಿಳೆಯೊಬ್ಬರು ಒಂದು ಮಧ್ಯಾಹ್ನ ರವಿಕೆಗೆ ತೋಳು ಕೂಡಿಸುತ್ತಿದ್ದವರು ಹಾಗೆಯೇ ಮೆಷಿನ್ ಮೇಲೆ ಕುಸಿದರು. ಅರ್ಧ ನಿಮಿಷದಲ್ಲಿ ಎಚ್ಚರವಾಯಿತು. ಎಚ್ಚರವಾದಾಗ ಎಡಗೈ ತೋರುಬೆರಳಿಗೆ ಸೂಜಿ ಇಳಿದಿತ್ತು, ನೋವು ಮಾತ್ರ ಗೊತ್ತಾಗಿರಲಿಲ್ಲ. ಬೆಳಿಗ್ಗೆ ತಿಂಡಿ ಬಿಟ್ಟಿದ್ದರಿಂದ ಹೀಗಾಯಿತೆಂದು ಮನೆಯವರು ಭಾವಿಸಿದರು, ಮೂರ್ಛೆ ರೋಗವಿರಬಹುದೆಂದು ನೆರೆಯವರು ಹೇಳಿದರು. ಬೆರಳಿಗೆ ಪಟ್ಟಿ ಕಟ್ಟಿಸಲು ಹೋದ ಕ್ಲಿನಿಕ್ಕಿನಲ್ಲಿ ನರ್ಸ್ ನಾಡಿ ಹಿಡಿದು ಎಣಿಸಿ, ಅನುಮಾನಗೊಂಡು ಇನ್ನೊಮ್ಮೆ ಎಣಿಸಿ, ನಿಮಿಷಕ್ಕೆ 34 ಎಂದು ಬರೆದರು. ಅವರು ಎರಡನೇ ಸಲ ಎಣಿಸದೆ ಬಿಟ್ಟಿದ್ದರೆ ಈ ಪ್ರಕರಣ ನಮ್ಮವರೆಗೆ ಬರುತ್ತಲೇ ಇರಲಿಲ್ಲವೆಂದು ಈಗಲೂ ಅನ್ನಿಸುತ್ತದೆ.

ರೋಗಿಯ ಗುರುತು ಸಿಗದಂತೆ ಊರು, ವಯಸ್ಸು ಮೊದಲಾದ ವಿವರಗಳನ್ನು ಬದಲಿಸಿದ್ದೇನೆ. ಮೊದಲ ದಿನದಿಂದಲೂ ಚಿಕಿತ್ಸಾ ತಂಡದಲ್ಲಿ ನಾನಿದ್ದೆ. ಆದ್ದರಿಂದ ಮುಂದೆ ಹೇಳುವ ತಪ್ಪುಗಳಲ್ಲಿ ನನ್ನ ಪಾಲೂ ಇದೆ.

ಮೊದಲ ದಾಖಲಾತಿ

ಇಸಿಜಿಯಲ್ಲಿ ಗೊಂದಲಕ್ಕೆ ಎಡೆಯಿರಲಿಲ್ಲ. ಹೃದಯದ ಮೇಲಿನ ಕೋಣೆಗಳಾದ ಹೃತ್ಕರ್ಣಗಳು ನಿಮಿಷಕ್ಕೆ 92 ಸಲ ಮಿಡಿಯುತ್ತಿದ್ದವು, ಕೆಳಗಿನ ಹೃತ್ಕುಕ್ಷಿಗಳು 34 ಸಲ, ಮತ್ತು ಒಂದಕ್ಕೂ ಇನ್ನೊಂದಕ್ಕೂ ಯಾವ ಸಂಬಂಧವೂ ಇರಲಿಲ್ಲ. ಮೇಲಿನಿಂದ ಬರುವ ವಿದ್ಯುತ್ ಸಂಕೇತ ಕೆಳಕ್ಕೆ ದಾಟಲಾಗದೆ ನಿಂತಾಗ ಹೃತ್ಕುಕ್ಷಿಗಳು ತಮ್ಮ ಪಾಡಿಗೆ ತಾವು, ಸಾಮಾನ್ಯವಾಗಿ ನಿಮಿಷಕ್ಕೆ 20ರಿಂದ 40ರ ವೇಗದಲ್ಲಿ ಬಡಿದುಕೊಳ್ಳುತ್ತವೆ. ಇದೇ ಸಂಪೂರ್ಣ ಹೃದಯ ತಡೆ, ನಮ್ಮ ವಾರ್ಡಿನ ಭಾಷೆಯಲ್ಲಿ ಕಂಪ್ಲೀಟ್ ಹಾರ್ಟ್ ಬ್ಲಾಕ್. ರಕ್ತನಾಳ ಕಟ್ಟಿಕೊಳ್ಳುವುದನ್ನೂ ಜನ ಬ್ಲಾಕ್ ಎಂದೇ ಕರೆಯುವುದರಿಂದ, ರೋಗಿಯ ಪತಿ ಸ್ಟೆಂಟ್ ಎಷ್ಟು ಹಾಕುತ್ತೀರಿ ಎಂದು ಕೇಳಿದರು. ಇದು ಕೊಳಾಯಿಯ ಸಮಸ್ಯೆಯಲ್ಲ, ವೈರಿಂಗಿನ ಸಮಸ್ಯೆ ಎಂದು ವಿವರಿಸಿದ ಮೇಲೆ ಅವರು ನಿರಾಳರಾದರು. ಅಷ್ಟು ನಿರಾಳರಾಗುವ ಅಗತ್ಯವಿರಲಿಲ್ಲವೆಂಬುದು ನಮಗೂ ಆಗ ತಿಳಿದಿರಲಿಲ್ಲ.

ತೊಡೆಸಂದಿನ ರಕ್ತನಾಳದ ಮೂಲಕ ತಾತ್ಕಾಲಿಕ ಪೇಸಿಂಗ್ ತಂತಿ ಹಾಕಿ ಬಡಿತವನ್ನು 70ಕ್ಕೆ ತಂದು, ಮಾಮೂಲಿ ಕಾರಣಗಳನ್ನು ಹುಡುಕಿದೆವು. ಬಡಿತ ನಿಧಾನಗೊಳಿಸುವ ಯಾವ ಮಾತ್ರೆಯನ್ನೂ ಅವರು ನುಂಗುತ್ತಿರಲಿಲ್ಲ. ರಕ್ತದ ಪೊಟ್ಯಾಸಿಯಂ ಮತ್ತು ಥೈರಾಯ್ಡ್ ಸರಿಯಾಗಿದ್ದವು. ಆಂಜಿಯೋಗ್ರಾಂನಲ್ಲಿ ರಕ್ತನಾಳಗಳು ಶುದ್ಧವಾಗಿದ್ದವು. ಹೃದಯದ ಅಲ್ಟ್ರಾಸೌಂಡ್ ಆದ ಎಕೋದ ವರದಿಯಲ್ಲಿ ಎಡ ಹೃತ್ಕುಕ್ಷಿಯ ಪಂಪಿಂಗ್ ಪ್ರಮಾಣ, ಅಂದರೆ ಪ್ರತಿ ಬಡಿತಕ್ಕೆ ಅದು ಹೊರದೂಡುವ ರಕ್ತದ ಪಾಲು, 55 ಶೇಕಡಾ ಎಂದಿದ್ದು, ಕೆಳಗೆ ಸಣ್ಣದಾಗಿ, ಎರಡು ಹೃತ್ಕುಕ್ಷಿಗಳ ನಡುವಿನ ಗೋಡೆಯ ಬುಡಭಾಗ ತೆಳುವಾಗಿದೆ ಎಂದು ಬರೆದಿತ್ತು. ಆ ಸಾಲು ಡಿಸ್ಚಾರ್ಜ್ ಸಮ್ಮರಿಗೆ ಬರಲೇ ಇಲ್ಲ. ಮೂರನೇ ದಿನ ಎರಡು ತಂತಿಗಳ ಪೇಸ್‌ಮೇಕರ್ ಕೂರಿಸಿದೆವು, ಐದನೇ ದಿನ ಅವರು ಮನೆಗೆ ಹೋದರು. ಸಮ್ಮರಿಯಲ್ಲಿ ರೋಗನಿರ್ಣಯದ ಎದುರು ಸಂಪೂರ್ಣ ಹೃದಯ ತಡೆ ಎಂದು ಬರೆದಿತ್ತು, ಕಾರಣದ ಕಲಂ ಖಾಲಿಯಿತ್ತು.

ಆ ಖಾಲಿ ಕಲಂ ನಮ್ಮಲ್ಲಿ ಯಾರನ್ನೂ ಕಾಡಲಿಲ್ಲ. ಎಪ್ಪತ್ತು ದಾಟಿದವರಲ್ಲಿ ವಾಹಕ ತಂತುಗಳು ವಯಸ್ಸಿನಿಂದಲೇ ಸವೆಯುತ್ತವೆ, ಅಲ್ಲಿ ಕಾರಣ ಬರೆಯದಿದ್ದರೂ ನಡೆಯುತ್ತದೆ. ಆ ಅಭ್ಯಾಸ ಕೈಗೆ ಹತ್ತಿಬಿಟ್ಟಿತ್ತು. ಆದರೆ ಅಮೆರಿಕದ ಹಾರ್ಟ್ ರಿದಮ್ ಸೊಸೈಟಿ 2014ರಲ್ಲಿ ಹೊರತಂದ ತಜ್ಞರ ಒಮ್ಮತದ ಮಾರ್ಗಸೂಚಿಯ ಪ್ರಕಾರ, 60 ವರ್ಷದೊಳಗಿನವರಲ್ಲಿ ಕಾರಣ ತಿಳಿಯದ ಇಂತಹ ತಡೆ ಕಂಡರೆ ಹೃದಯದ ಸಾರ್ಕಾಯ್ಡೋಸಿಸ್ ಎಂಬ ಉರಿಯೂತದ ಕಾಯಿಲೆ ಇದೆಯೇ ಎಂದು ಶೋಧಿಸಬೇಕು. ಅದಕ್ಕೂ ಮುಂಚೆ, 2011ರಲ್ಲಿ, ಫಿನ್ಲೆಂಡಿನ ಹೆಲ್ಸಿಂಕಿಯಿಂದ ಬಂದ ವರದಿಯಲ್ಲಿ 18ರಿಂದ 55 ವರ್ಷದ, ಮೊದಲಿಗೆ ಕಾರಣ ತಿಳಿಯದ ಹೃದಯ ತಡೆಯಿದ್ದ 72 ಜನರಲ್ಲಿ 18 ಮಂದಿಗೆ ಸಾರ್ಕಾಯ್ಡೋಸಿಸ್ ಇಲ್ಲವೇ ಜೈಂಟ್ ಸೆಲ್ ಮಯೋಕಾರ್ಡೈಟಿಸ್ ಎಂಬ ಹೃದಯಸ್ನಾಯುವಿನ ಉರಿಯೂತ ಇದ್ದದ್ದು ಬಯಾಪ್ಸಿಯಿಂದ ಖಚಿತವಾಗಿತ್ತು. ಮುಂದಿನ ವರ್ಷಗಳಲ್ಲಿ ಆ 18 ಮಂದಿಯಲ್ಲಿ 7 ಜನರಿಗೆ ಹೃದಯ ಸಂಬಂಧಿ ಸಾವು, ಹೃದಯ ಕಸಿ ಅಥವಾ ಪ್ರಾಣಾಪಾಯದ ಲಯದೋಷ ಎದುರಾಯಿತು. ಉಳಿದ 54 ಮಂದಿಯಲ್ಲಿ ಅಂಥದ್ದು ಆದದ್ದು ಒಬ್ಬರಿಗೆ. ಈ ಅಂಕಿಗಳನ್ನು ನಾವು ಓದಿದ್ದೆವು. ಎದುರಿಗೆ ಕೂತಿದ್ದ ರೋಗಿಗೆ ಅನ್ವಯಿಸಿಕೊಂಡಿರಲಿಲ್ಲ.

ಹನ್ನೊಂದು ತಿಂಗಳ ನಂತರ

ಅವರು ಮತ್ತೆ ಬಂದದ್ದು ತಲೆಸುತ್ತಿಗಲ್ಲ, ಎದೆ ಡವಡವ ಎನ್ನುತ್ತದೆ ಎಂಬ ದೂರಿನೊಂದಿಗೆ. ಹೇಗಿರುತ್ತದೆ ಎಂದು ಕೇಳಿದಾಗ ಅವರು ತಮ್ಮ ಕಸುಬಿನ ಮಾತಿನಲ್ಲೇ ಹೇಳಿದರು: "ಮೊದ್ಲು ಹೊಲಿಗೆ ಬಿಟ್ಟು ಬಿಟ್ಟು ಬೀಳ್ತಿತ್ತು ಸಾರ್. ಈಗ ನಾನು ಕಾಲು ತೆಗೆದ್ರೂ ಮೆಷಿನ್ ಓಡ್ತಾನೇ ಇರುತ್ತೆ."

ಪೇಸ್‌ಮೇಕರ್ ಇರುವ ರೋಗಿ ಹೀಗೆಂದಾಗ ಯಂತ್ರದ ಹೊಂದಾಣಿಕೆ ಸರಿಯಿಲ್ಲವೆಂದು ಊಹಿಸುವುದು ಸುಲಭ. ಎದೆಯ ಮೇಲೆ ಪ್ರೋಗ್ರಾಮರ್ ಹಿಡಿದು ಯಂತ್ರದ ನೆನಪನ್ನು ಓದಿದಾಗ ಬೇರೆಯೇ ಚಿತ್ರ ಕಂಡಿತು. ಆರು ವಾರಗಳಲ್ಲಿ ನಾಲ್ಕು ಸಲ ಬಡಿತ ನಿಮಿಷಕ್ಕೆ 180ರ ಆಸುಪಾಸಿಗೆ ಜಿಗಿದಿತ್ತು, ಅತಿ ಉದ್ದದ್ದು 52 ಸೆಕೆಂಡು ನಡೆದಿತ್ತು. ದಾಖಲಾದ ಅಲೆಗಳಲ್ಲಿ ಹೃತ್ಕರ್ಣದ ಬಡಿತ ಶಾಂತವಾಗಿಯೇ ಇತ್ತು, ಓಟ ಶುರುವಾಗುತ್ತಿದ್ದದ್ದು ಹೃತ್ಕುಕ್ಷಿಯಲ್ಲಿ. ಇದು ವೆಂಟ್ರಿಕ್ಯುಲರ್ ಟ್ಯಾಕಿಕಾರ್ಡಿಯಾ, ಚಿಕ್ಕದಾಗಿ ವಿಟಿ. ಪಂಪಿಂಗ್ ಪ್ರಮಾಣ 55ರಿಂದ 42ಕ್ಕೆ ಇಳಿದಿತ್ತು.

ಇಲ್ಲಿ ನಮ್ಮ ತಂಡ ಒಂದು ಸುಲಭದ ಉತ್ತರಕ್ಕೆ ಬಹುತೇಕ ಒಲಿದಿತ್ತು. ಬಲ ಹೃತ್ಕುಕ್ಷಿಯ ತಂತಿಯಿಂದ ಸದಾ ಪೇಸಿಂಗ್ ನಡೆಯುತ್ತಿದ್ದರೆ ಎರಡು ಕಡೆಯ ಗೋಡೆಗಳು ಒಟ್ಟಿಗೆ ಸಂಕುಚಿಸದೆ ಕೆಲವರಲ್ಲಿ ಹೃದಯ ದುರ್ಬಲಗೊಳ್ಳುತ್ತದೆ. ಈಕೆಯಲ್ಲಿ 99 ಶೇಕಡಾ ಬಡಿತಗಳು ಯಂತ್ರದವೇ ಆಗಿದ್ದವು. ಹಾಗಾಗಿ ಪೇಸಿಂಗಿನಿಂದಲೇ ಹೃದಯ ಸೋತಿದೆ, ಸೋತ ಹೃದಯದಿಂದ ವಿಟಿ ಬಂದಿದೆ, ಎಡ ಹೃತ್ಕುಕ್ಷಿಗೂ ಒಂದು ತಂತಿ, ಅಂದರೆ ಮೂರನೆಯದು, ಸೇರಿಸಿದರೆ ಸಾಕು ಎಂಬ ತರ್ಕ ಅಚ್ಚುಕಟ್ಟಾಗಿ ಕೂಡುತ್ತಿತ್ತು. ಒಬ್ಬ ಸ್ನಾತಕೋತ್ತರ ವಿದ್ಯಾರ್ಥಿನಿ ಮಾತ್ರ ಹಳೆಯ ಸಮ್ಮರಿ ತಿರುವಿ ಹಾಕಿ, ಪೇಸಿಂಗ್ ಬೇಕಾದದ್ದಾದರೂ ಯಾಕೆಂದು ಇಲ್ಲಿ ಬರೆದೇ ಇಲ್ಲವಲ್ಲ ಎಂದರು. ಪ್ರಶ್ನೆ ಸರಳವಾಗಿತ್ತು. ಉತ್ತರ ನಮ್ಮಲ್ಲಿರಲಿಲ್ಲ.

ಪ್ಲಾಸ್ಟಿಕ್ ಚೀಲ

ನಮ್ಮ ರೋಗಿಗಳಲ್ಲಿ ಬಹಳಷ್ಟು ಮಂದಿ ಹಳೆಯ ಚೀಟಿಗಳನ್ನು ಬಟ್ಟೆ ಅಂಗಡಿಯ ಪ್ಲಾಸ್ಟಿಕ್ ಚೀಲದಲ್ಲಿ ಜೋಪಾನ ಮಾಡಿರುತ್ತಾರೆ. ಈಕೆಯ ಚೀಲದಲ್ಲೂ ಹತ್ತಾರು ಕಾಗದಗಳಿದ್ದವು. ಅವುಗಳಲ್ಲಿ ಮೂರು ಪ್ರಕರಣದ ದಿಕ್ಕು ಬದಲಿಸಿದವು.

ಮೊದಲನೆಯದು, ಮೂರು ವರ್ಷದ ಹಿಂದೆ ಗರ್ಭಕೋಶದ ಆಪರೇಷನ್ನಿಗೆ ಮುಂಚೆ ತೆಗೆಸಿದ ಇಸಿಜಿ. ಕಾಗದ ಮಾಸಿದ್ದರೂ ಗೆರೆಗಳು ಓದುವಂತಿದ್ದವು, ಸಂಪೂರ್ಣ ಸಹಜವಾಗಿದ್ದವು. ಅಂದರೆ ತಡೆ ಹುಟ್ಟಿನಿಂದ ಬಂದದ್ದಲ್ಲ, ಎರಡು ಮೂರು ವರ್ಷಗಳೊಳಗೆ ಏನೋ ಆ ದಾರಿಯನ್ನು ಕೊರೆದು ಹಾಕಿದೆ. ಎರಡನೆಯದು, ಎಂಟು ತಿಂಗಳು ಬಿಡದ ಒಣಕೆಮ್ಮಿಗೆ ಬರೆದ ಸಿರಪ್‌ಗಳ ಚೀಟಿ. ಮೂರನೆಯದು ಕಣ್ಣಿನ ವೈದ್ಯರದು. ಕಣ್ಣು ಕೆಂಪಾಗಿ, ಬೆಳಕು ನೋಡಲಾಗದೆ, ಸೂಜಿಗೆ ದಾರ ಪೋಣಿಸಲಾಗದೆ ಅವರು ಹೋಗಿದ್ದಾಗ ಕಣ್ಣಿನೊಳಗಿನ ಉರಿಯೂತವೆಂದು ಗುರುತಿಸಿ ಸ್ಟೆರಾಯ್ಡ್ ಹನಿಗಳನ್ನು ಬರೆದುಕೊಟ್ಟಿದ್ದ ಆ ವೈದ್ಯರು, ಕೊನೆಗೆ ಎದೆಯ ಎಕ್ಸ್‌ರೇ ಮಾಡಿಸಿ ಎಂದು ಸೇರಿಸಿದ್ದರು. ಕಣ್ಣು ವಾಸಿಯಾಯಿತು, ಎಕ್ಸ್‌ರೇ ಯಾಕೆಂದು ಯಾರೂ ಕೇಳಲಿಲ್ಲ. ಕಣ್ಣಿಗೂ ಎದೆಗೂ ಏನು ಸಂಬಂಧವೆಂದು ರೋಗಿಗೆ ಅನ್ನಿಸಿದ್ದು ಸಹಜ.

ಸಂಬಂಧವಿದೆ. ಸಾರ್ಕಾಯ್ಡೋಸಿಸ್‌ನಲ್ಲಿ ದೇಹದ ರಕ್ಷಣಾ ಕೋಶಗಳು ಯಾವುದೋ ಅಪರಿಚಿತ ಪ್ರಚೋದನೆಗೆ ಗುಂಪುಗಟ್ಟಿ ಗ್ರ್ಯಾನ್ಯುಲೋಮಾ ಎಂಬ ಸಣ್ಣ ಸಣ್ಣ ಗಂಟುಗಳಾಗುತ್ತವೆ. ಹೆಚ್ಚಾಗಿ ಶ್ವಾಸಕೋಶ ಮತ್ತು ಎದೆಯೊಳಗಿನ ದುಗ್ಧಗ್ರಂಥಿಗಳಲ್ಲಿ, ಕೆಲವರಲ್ಲಿ ಕಣ್ಣು, ಚರ್ಮ, ನರಗಳಲ್ಲಿ, ಇನ್ನು ಕೆಲವರಲ್ಲಿ ಹೃದಯದಲ್ಲಿ. ಹೃದಯದಲ್ಲಿ ಅವು ಇಷ್ಟಪಟ್ಟು ಸೇರುವ ಜಾಗ ಎರಡು ಹೃತ್ಕುಕ್ಷಿಗಳ ನಡುವಿನ ಗೋಡೆಯ ಬುಡ. ಮೇಲಿನ ಸಂಕೇತವನ್ನು ಕೆಳಕ್ಕೆ ಒಯ್ಯುವ ಮುಖ್ಯ ತಂತು ಹಾದುಹೋಗುವುದೂ ಅಲ್ಲಿಯೇ. ಉರಿಯೂತ ಆ ದಾರಿಯನ್ನು ಕಡಿದರೆ ಬಡಿತ ನಿಧಾನವಾಗುತ್ತದೆ, ಮಾಯುವಾಗ ಉಳಿಯುವ ಕಲೆಯ ಸುತ್ತ ವಿದ್ಯುತ್ ಸುತ್ತಿಕೊಂಡರೆ ಬಡಿತ ಹುಚ್ಚುಗಟ್ಟುತ್ತದೆ. ಒಂದೇ ಕಾಯಿಲೆ ಹೃದಯವನ್ನು ಮೊದಲು ತಡವರಿಸುವಂತೆಯೂ ನಂತರ ಓಡುವಂತೆಯೂ ಮಾಡಬಲ್ಲದು. ಮೊದಲ ಎಕೋದಲ್ಲಿ ಸಣ್ಣದಾಗಿ ಬರೆದಿದ್ದ ಆ ತೆಳುವಾದ ಬುಡಭಾಗ ಈಗ ದೊಡ್ಡದಾಗಿ ಕಾಣತೊಡಗಿತು.

ಉಪವಾಸ ಎಂಬ ಪದ

ಸಿಟಿ ಸ್ಕ್ಯಾನಿನಲ್ಲಿ ಎದೆಯ ಮಧ್ಯದ ದುಗ್ಧಗ್ರಂಥಿಗಳು ಊದಿಕೊಂಡಿದ್ದವು. ಹೃದಯದಲ್ಲಿ ಉರಿಯೂತ ಈಗಲೂ ಸಕ್ರಿಯವಾಗಿದೆಯೇ ಎಂದು ತಿಳಿಯಲು ಪೆಟ್ ಸ್ಕ್ಯಾನ್ ಬೇಕಿತ್ತು. ಪರೀಕ್ಷೆಯ ತತ್ವ ಹೀಗಿದೆ: ವಿಕಿರಣದ ಗುರುತು ಹಚ್ಚಿದ ಗ್ಲೂಕೋಸನ್ನು ರಕ್ತಕ್ಕೆ ಬಿಟ್ಟರೆ ಉರಿಯೂತದ ಕೋಶಗಳು ಅದನ್ನು ಹಸಿದಂತೆ ಹೀರಿಕೊಂಡು ಚಿತ್ರದಲ್ಲಿ ಬೆಳಗುತ್ತವೆ. ತೊಡಕೆಂದರೆ ಆರೋಗ್ಯವಂತ ಹೃದಯಸ್ನಾಯುವೂ ಗ್ಲೂಕೋಸ್ ಸಿಕ್ಕರೆ ಹೀರುತ್ತದೆ. ಆದ್ದರಿಂದ ಹಿಂದಿನ ದಿನ ಪಿಷ್ಟ ಮತ್ತು ಸಕ್ಕರೆ ಪೂರ್ತಿ ಬಿಟ್ಟು, ಕೊಬ್ಬು ಹೆಚ್ಚಿರುವ ಊಟ ಮಾಡಿ, ನಂತರ ಹನ್ನೆರಡು ಗಂಟೆಗೂ ಹೆಚ್ಚು ಹೊತ್ತು ಏನೂ ತಿನ್ನದೆ ಇದ್ದು, ಹೃದಯ ಕೊಬ್ಬನ್ನೇ ಉರುವಲಾಗಿಸಿಕೊಳ್ಳುವಂತೆ ಮಾಡಬೇಕಾಗುತ್ತದೆ.

ಮೊದಲ ಸ್ಕ್ಯಾನಿನಲ್ಲಿ ಇಡೀ ಹೃದಯ ದೀಪದಂತೆ ಬೆಳಗಿತು, ಓದಲು ಬರುವಂತಿರಲಿಲ್ಲ. ಸಿದ್ಧತೆ ಸರಿಯಾಗಿತ್ತೇ ಎಂದು ಕೇಳಿದರೆ ರೋಗಿ, ಪತಿ, ನಮ್ಮ ಸಿಬ್ಬಂದಿ ಮೂವರೂ ಹೌದೆಂದರು. ಏನು ತಿಂದಿರಿ ಎಂದು ಗಂಟೆಗಂಟೆಯ ಲೆಕ್ಕ ಕೇಳಿದಾಗ ವಿಷಯ ಹೊರಬಿತ್ತು. ನಾವು ಕೊಟ್ಟ ಚೀಟಿಯಲ್ಲಿ ಉಪವಾಸವಿರಬೇಕು ಎಂದಿತ್ತು. ಅಂದು ಶನಿವಾರ, ಅವರಿಗೆ ಹೇಗೂ ಶನಿವಾರದ ಉಪವಾಸ ರೂಢಿ. "ಅನ್ನ ಮುಟ್ಟಿಲ್ಲ ಸಾರ್, ಸತ್ಯವಾಗ್ಲೂ. ಬೆಳಿಗ್ಗೆ ಒಂದಿಷ್ಟು ಅವಲಕ್ಕಿ, ಎರಡು ಬಾಳೆಹಣ್ಣು, ಒಂದು ಲೋಟ ಹಾಲು, ಅಷ್ಟೇ." ನಮ್ಮ ಮನೆಗಳಲ್ಲಿ ಉಪವಾಸವೆಂದರೆ ಅನ್ನ ಬಿಡುವುದು, ಫಲಾಹಾರ ಬಿಡುವುದಲ್ಲ. ಅವರು ಪದವನ್ನು ಸರಿಯಾಗಿಯೇ ಅರ್ಥ ಮಾಡಿಕೊಂಡಿದ್ದರು. ತಪ್ಪಾದ ಪದವನ್ನು ಆರಿಸಿದವರು ನಾವು. ದುಬಾರಿ ಪರೀಕ್ಷೆಯೊಂದು ವ್ಯರ್ಥವಾಯಿತು, ಒಂಬತ್ತು ದಿನ ಹೋದವು.

ಎರಡನೇ ಸಲ ಬುಧವಾರ ಗೊತ್ತು ಮಾಡಿದೆವು, ಏಕೆಂದರೆ ಶನಿವಾರ ಅವರು ಮೊಟ್ಟೆ ಮುಟ್ಟುವುದಿಲ್ಲ. ಹಿಂದಿನ ದಿನ ಎರಡು ಹೊತ್ತೂ ಬೆಣ್ಣೆಯಲ್ಲಿ ಮಾಡಿದ ಆಮ್ಲೆಟ್, ತುಪ್ಪದಲ್ಲಿ ಹುರಿದ ಪನೀರ್. ಅನ್ನ, ಮುದ್ದೆ, ರೊಟ್ಟಿ, ಬೇಳೆ, ಹಾಲು, ಹಣ್ಣು, ಬೆಲ್ಲ ಯಾವುದೂ ಇಲ್ಲ. ಸಂಜೆ ಆರರ ನಂತರ ಬರಿಯ ನೀರು. ವಾರ್ಡಿನಲ್ಲಿ ಗ್ಲೂಕೋಸ್ ಡ್ರಿಪ್ ಏರಿಸಬಾರದೆಂದು ಕೇಸ್ ಶೀಟಿನ ಮೇಲೆ ಕೆಂಪು ಶಾಯಿಯಲ್ಲಿ ಬರೆದೆವು. ಈ ಸಲದ ಚಿತ್ರದಲ್ಲಿ ನಡುಗೋಡೆಯ ಬುಡ ಮತ್ತು ಹೊರಗೋಡೆಯ ಒಂದು ತೇಪೆ ಮಾತ್ರ ಬೆಳಗುತ್ತಿತ್ತು, ಜೊತೆಗೆ ಎದೆಯ ಮಧ್ಯದ ಗ್ರಂಥಿಗಳು.

ಕ್ಷಯವೋ ಸಾರ್ಕಾಯ್ಡೋ

ನಮ್ಮ ದೇಶದಲ್ಲಿ ಗ್ರ್ಯಾನ್ಯುಲೋಮಾ ಎಂದ ಕೂಡಲೇ ಮೊದಲು ನೆನಪಾಗುವುದು ಕ್ಷಯ, ನೆನಪಾಗಬೇಕಾದದ್ದೂ ಅದೇ. ಕ್ಷಯವೂ ಹೃದಯಸ್ನಾಯುವಿಗೆ ಇಳಿಯಬಲ್ಲದು, ವಿಟಿಯನ್ನೂ ತರಬಲ್ಲದು. ಎರಡರ ಚಿಕಿತ್ಸೆ ಮಾತ್ರ ಬೇರೆ ಬೇರೆ ದಿಕ್ಕಿನದು. ಸಾರ್ಕಾಯ್ಡೋಸಿಸ್‌ನಲ್ಲಿ ರಕ್ಷಣಾ ವ್ಯವಸ್ಥೆಯನ್ನು ತಗ್ಗಿಸಬೇಕು, ಕ್ಷಯದಲ್ಲಿ ಅದನ್ನು ತಗ್ಗಿಸಿದರೆ ರೋಗಾಣು ಹಬ್ಬುತ್ತದೆ. ಹೃದಯದಿಂದಲೇ ಚೂರು ತೆಗೆಯುವ ಬಯಾಪ್ಸಿಯಲ್ಲಿ, ಕಾಯಿಲೆ ತೇಪೆ ತೇಪೆಯಾಗಿರುವುದರಿಂದ, ನಾಲ್ಕರಲ್ಲಿ ಸುಮಾರು ಮೂರು ಸಲ ಏನೂ ಸಿಗುವುದಿಲ್ಲ. ಹಾಗಾಗಿ ಶ್ವಾಸನಾಳದೊಳಗೆ ಅಲ್ಟ್ರಾಸೌಂಡ್ ಇಳಿಸಿ ಗ್ರಂಥಿಯಿಂದ ಸೂಜಿಯಲ್ಲಿ ಅಂಶ ತೆಗೆದೆವು. ಗ್ರ್ಯಾನ್ಯುಲೋಮಾ ಇತ್ತು, ಕ್ಷಯದಲ್ಲಿ ಕಾಣುವ ಗಿಣ್ಣಿನಂತಹ ಕೊಳೆತ ಇರಲಿಲ್ಲ. ಬ್ಯಾಕ್ಟೀರಿಯಾ ಕಾಣಲಿಲ್ಲ, ಕ್ಷಯ ಪತ್ತೆಗೆ ಮಾಡುವ ಜೀನ್‌ಎಕ್ಸ್‌ಪರ್ಟ್ ಪರೀಕ್ಷೆಯೂ ಮಾಂಟೂ ಪರೀಕ್ಷೆಯೂ ನೆಗೆಟಿವ್ ಬಂದವು. ರೋಗಾಣುವನ್ನು ಬೆಳೆಸಿ ನೋಡುವ ಕಲ್ಚರ್ ವರದಿಗೆ ಆರು ವಾರ.

ಆರು ವಾರ ಕಾಯುವ ಅವಕಾಶವನ್ನು ಹೃದಯ ಕೊಡಲಿಲ್ಲ. ಬಯಾಪ್ಸಿಯಾದ ನಾಲ್ಕನೇ ಸಂಜೆ ವಾರ್ಡಿನಲ್ಲೇ ವಿಟಿ ಶುರುವಾಗಿ ನಿಲ್ಲಲಿಲ್ಲ. ಬಡಿತ 190, ರಕ್ತದೊತ್ತಡದ ಮೇಲಿನ ಅಂಕಿ 84, ಮೈಯೆಲ್ಲ ತಣ್ಣಗಿನ ಬೆವರು. ಮಂಪರು ಕೊಟ್ಟು ಒಂದು ಶಾಕ್ ನೀಡಿ ಲಯ ತಂದು, ಲಯವನ್ನು ಹಿಡಿದಿಡುವ ಅಮಿಯೊಡರೋನ್ ಔಷಧದ ಡ್ರಿಪ್ ಹಚ್ಚಿದೆವು.

ಮರುದಿನದ ಚರ್ಚೆ ಉದ್ದವಾಗಿತ್ತು. ಶ್ವಾಸಕೋಶ ತಜ್ಞರು ಕ್ಷಯದ ಔಷಧದ ರಕ್ಷಣೆಯಿಲ್ಲದೆ, ರಕ್ಷಣಾ ವ್ಯವಸ್ಥೆಯನ್ನು ತಗ್ಗಿಸುವ ಸ್ಟೆರಾಯ್ಡ್ ಕೊಡುವುದು ಅಪಾಯವೆಂದರು. ಅವರ ಮಾತಿಗೆ ತೂಕವಿತ್ತು. ಎರಡನ್ನೂ ಒಟ್ಟಿಗೆ ಕೊಟ್ಟುಬಿಡೋಣ ಎಂಬುದು ಎಲ್ಲರಿಗೂ ಒಪ್ಪುವ ನಡುದಾರಿಯಂತೆ ಕಂಡರೂ, ಅದರಲ್ಲಿ ಎರಡು ಕೊಕ್ಕೆಗಳಿದ್ದವು. ಕ್ಷಯದ ಔಷಧವಾದ ರಿಫಾಂಪಿಸಿನ್ ಯಕೃತ್ತಿನ ಕಿಣ್ವಗಳನ್ನು ಚುರುಕುಗೊಳಿಸಿ ನಾವು ಕೊಡಬೇಕೆಂದಿದ್ದ ಸ್ಟೆರಾಯ್ಡ್ ಆದ ಪ್ರೆಡ್ನಿಸೊಲೋನ್‌ನ ಬಲವನ್ನು ಬಹಳಷ್ಟು ಕುಗ್ಗಿಸುತ್ತದೆ, ಅಮಿಯೊಡರೋನನ್ನೂ ಬಿಡುವುದಿಲ್ಲ. ಎರಡನೆಯದಾಗಿ, ಎರಡೂ ಕೊಟ್ಟು ರೋಗಿ ಗುಣವಾದರೆ ಯಾವುದರಿಂದ ಗುಣವಾಯಿತೆಂದು ತಿಳಿಯದೆ, ಮುಂದೆ ಯಾವುದನ್ನು ಎಷ್ಟು ಕಾಲ ಕೊಡಬೇಕೆಂಬುದೂ ತಿಳಿಯುವುದಿಲ್ಲ. ಕಣ್ಣಿನ ಉರಿಯೂತದ ಇತಿಹಾಸ, ಜ್ವರವಾಗಲಿ ತೂಕ ಇಳಿಕೆಯಾಗಲಿ ಇಲ್ಲದಿರುವುದು, ಗ್ರ್ಯಾನ್ಯುಲೋಮಾದ ಸ್ವರೂಪ, ಇವೆಲ್ಲವನ್ನೂ ತೂಗಿ ಸಾರ್ಕಾಯ್ಡೋಸಿಸ್ ಎಂದೇ ಚಿಕಿತ್ಸೆ ಆರಂಭಿಸಲು ನಿರ್ಧರಿಸಿದೆವು. ವಾರವಾರ ತೂಕ ಮತ್ತು ಜ್ವರದ ಲೆಕ್ಕ ಇಡುವುದು, ಕಲ್ಚರಿನಲ್ಲಿ ಏನಾದರೂ ಬೆಳೆದರೆ ಅಂದೇ ಕ್ಷಯದ ಔಷಧ ಸೇರಿಸುವುದು ಎಂಬುದು ಒಪ್ಪಂದ. ನಿರ್ಧಾರ ಅನುಮಾನದೊಂದಿಗೇ ಆದದ್ದೆಂದು ದಂಪತಿಗೆ ಮುಚ್ಚುಮರೆಯಿಲ್ಲದೆ ತಿಳಿಸಿದೆವು.

ಕ್ರಮದ ಪ್ರಶ್ನೆಯೂ ಇತ್ತು. ಸ್ಟೆರಾಯ್ಡ್ ಶುರುವಾದ ಮೇಲೆ ಎದೆಯಲ್ಲಿ ಯಂತ್ರ ಬದಲಿಸಿದರೆ ಗಾಯ ಮಾಯುವುದು ತಡ, ಸೋಂಕಿನ ಭಯ ಹೆಚ್ಚು. ಆದ್ದರಿಂದ ಮೊದಲು ಪೇಸ್‌ಮೇಕರ್ ತೆಗೆದು, ಅಪಾಯದ ಲಯ ಬಂದಾಗ ತಾನೇ ಶಾಕ್ ಕೊಡುವ ಮತ್ತು ಎರಡೂ ಹೃತ್ಕುಕ್ಷಿಗಳನ್ನು ಒಟ್ಟಿಗೆ ಮಿಡಿಸುವ ಸಿಆರ್‌ಟಿ-ಡಿ ಯಂತ್ರ ಕೂರಿಸಿ, ಐದು ದಿನ ಬಿಟ್ಟು ದಿನಕ್ಕೆ 40 ಮಿಲಿಗ್ರಾಂ ಪ್ರೆಡ್ನಿಸೊಲೋನ್ ಆರಂಭಿಸಿದೆವು. ಸಾರ್ಕಾಯ್ಡೋಸಿಸ್ ಇರುವವರಿಗೆ ಪೇಸಿಂಗ್ ಅಗತ್ಯ ಬಿದ್ದಾಗ, ಪಂಪಿಂಗ್ ಚೆನ್ನಾಗಿದ್ದರೂ, ನೇರವಾಗಿ ಶಾಕ್ ಕೊಡುವ ಯಂತ್ರವನ್ನೇ ಪರಿಗಣಿಸಬಹುದು ಎಂಬ ಸಲಹೆ ಅದೇ 2014ರ ಮಾರ್ಗಸೂಚಿಯಲ್ಲಿದೆ. ಮೊದಲೇ ಕಾರಣ ಹುಡುಕಿದ್ದರೆ ಎರಡನೇ ಶಸ್ತ್ರಕ್ರಿಯೆಯೂ ಎರಡನೇ ಯಂತ್ರದ ಖರ್ಚೂ ಉಳಿಯುತ್ತಿದ್ದವು.

ನಂತರದ ಎರಡು ವರ್ಷ

ಕಲ್ಚರ್ 42ನೇ ದಿನದವರೆಗೂ ನೆಗೆಟಿವ್ ಉಳಿಯಿತು. ಎರಡನೇ ತಿಂಗಳಲ್ಲಿ ಒಮ್ಮೆ, ಒಗ್ಗರಣೆ ಹಾಕುತ್ತಿದ್ದಾಗ, ಯಂತ್ರ ಶಾಕ್ ಕೊಟ್ಟಿತು. ಎಮ್ಮೆ ಎದೆಗೆ ಒದ್ದ ಹಾಗಾಯಿತು ಎಂದರು. ದಾಖಲೆ ನೋಡಿದರೆ ಬಡಿತ 210 ಇತ್ತು, ಶಾಕ್ ಸಕಾರಣವಾಗಿತ್ತು. ಆರನೇ ತಿಂಗಳ ಪೆಟ್ ಸ್ಕ್ಯಾನಿನಲ್ಲಿ ಹೃದಯದ ಬೆಳಕು ಆರಿತ್ತು, ಪಂಪಿಂಗ್ 49ಕ್ಕೆ ಏರಿತ್ತು. ಹೃದಯ ತಡೆ ಮಾತ್ರ ನಿವಾರಣೆಯಾಗಲಿಲ್ಲ. ಉರಿಯೂತದ ಹಂತದಲ್ಲೇ ಚಿಕಿತ್ಸೆ ಸಿಕ್ಕ ಕೆಲವರಲ್ಲಿ ವಾಹಕ ದಾರಿ ತೆರೆದುಕೊಳ್ಳುವುದುಂಟು. ಈಕೆಯಲ್ಲಿ ಆ ಹನ್ನೊಂದು ತಿಂಗಳಲ್ಲಿ ಅಲ್ಲಿ ಕಲೆ ಕಟ್ಟಿರಬೇಕು.

ಸ್ಟೆರಾಯ್ಡ್ ಕಡಿಮೆ ಮಾಡುತ್ತಾ, ರಕ್ಷಣಾ ವ್ಯವಸ್ಥೆಯನ್ನು ತಗ್ಗಿಸುವ ಇನ್ನೊಂದು ಔಷಧವಾದ ಮೆಥೊಟ್ರೆಕ್ಸೇಟನ್ನು ವಾರಕ್ಕೊಮ್ಮೆ ಸೇರಿಸಿದೆವು. ಈ ಮಾತ್ರೆ ವಾರಕ್ಕೊಮ್ಮೆಯದು, ದಿನವೂ ನುಂಗಿದರೆ ಮೂಳೆಮಜ್ಜೆ ಕುಸಿದು ಪ್ರಾಣಕ್ಕೇ ಬರುತ್ತದೆ. ಔಷಧದಂಗಡಿಯೊಂದರಲ್ಲಿ ಪೊಟ್ಟಣದ ಮೇಲೆ ಅಭ್ಯಾಸಬಲದಿಂದ 1-0-0, ಅಂದರೆ ದಿನವೂ ಬೆಳಿಗ್ಗೆ ಒಂದು, ಎಂದು ಬರೆದುಕೊಟ್ಟಿದ್ದರು. ಮನೆಯ ಕ್ಯಾಲೆಂಡರಿನಲ್ಲಿ ಬಟ್ಟೆಗೆ ಗುರುತು ಹಾಕುವ ಸೀಮೆಸುಣ್ಣದಿಂದ ಪ್ರತಿ ಗುರುವಾರಕ್ಕೂ ಗೀಟು ಎಳೆದಿಟ್ಟುಕೊಂಡಿದ್ದ ಅವರು, ಇದು ತಪ್ಪೆಂದು ತಾವೇ ಹಿಡಿದು ಫೋನ್ ಮಾಡಿದರು. ಅಂದಿನಿಂದ ಚೀಟಿಯಲ್ಲಿ ನಾವು ವಾರದ ಹೆಸರನ್ನು ಅಕ್ಷರದಲ್ಲಿ ಬರೆಯುತ್ತೇವೆ.

ಒಂಬತ್ತನೇ ತಿಂಗಳಲ್ಲಿ ಹಿನ್ನಡೆಯಾಯಿತು. ಮುಖ ಊದಿ, ಸಕ್ಕರೆ ಏರಿ, ಗಿರಾಕಿಗಳು ಗುರುತು ಹಿಡಿಯದಂತಾದಾಗ ಅವರು ಯಾರಿಗೂ ಹೇಳದೆ ಸ್ಟೆರಾಯ್ಡನ್ನೂ ಮೆಥೊಟ್ರೆಕ್ಸೇಟನ್ನೂ ನಿಲ್ಲಿಸಿದರು. ಐದು ವಾರಗಳ ನಂತರ ಯಂತ್ರದ ದಾಖಲೆಯಲ್ಲಿ ಮತ್ತೆ ವಿಟಿಯ ಸಣ್ಣ ಸಣ್ಣ ಓಟಗಳು ಕಂಡವು. ಗದರುವುದು ಸುಲಭವಿತ್ತು. ಆದರೆ ಮುಖ ಊದುತ್ತದೆ, ಪ್ರಮಾಣ ಇಳಿದಂತೆ ಊತವೂ ಇಳಿಯುತ್ತದೆ ಎಂಬ ಎರಡು ಸಾಲನ್ನು ನಾವು ಮೊದಲೇ ಹೇಳಿರಲಿಲ್ಲ. 20 ಮಿಲಿಗ್ರಾಂನಿಂದ ಮತ್ತೆ ಶುರು ಮಾಡಿ, ಮೆಥೊಟ್ರೆಕ್ಸೇಟನ್ನು 15 ಮಿಲಿಗ್ರಾಂಗೆ ಏರಿಸಿ, ನಾಲ್ಕು ತಿಂಗಳಲ್ಲಿ ಸ್ಟೆರಾಯ್ಡನ್ನು 5ಕ್ಕೆ ತಂದೆವು. ಆಮೇಲೆ ಶಾಕ್ ಬಂದಿಲ್ಲ. ಅಮಿಯೊಡರೋನನ್ನು ಥೈರಾಯ್ಡ್ ಏರುಪೇರಾದ ಕಾರಣ ನಿಲ್ಲಿಸಿದ್ದೇವೆ.

ನಮ್ಮ ವಿಭಾಗದಲ್ಲಿ ಬದಲಾದದ್ದು

ಈಗ 60ರೊಳಗಿನ ಯಾರಿಗೇ ಹೃದಯ ತಡೆ ಬಂದರೂ ಕಾರಣದ ಕಲಂ ಖಾಲಿ ಬಿಟ್ಟು ಸಮ್ಮರಿಗೆ ಸಹಿ ಹಾಕುವಂತಿಲ್ಲ. ರೋಗಿಯ ಸ್ಥಿತಿ ಅನುಮತಿಸಿದರೆ ಪೇಸ್‌ಮೇಕರಿಗೆ ಮುಂಚೆಯೇ ಹೃದಯದ ಎಂಆರ್‌ಐ ಮತ್ತು ಎದೆಯ ಸಿಟಿ ಮಾಡಿಸುತ್ತೇವೆ, ಏಕೆಂದರೆ ಯಂತ್ರ ಕೂರಿಸಿದ ಮೇಲೆ ಎಂಆರ್‌ಐ ತೊಡಕಿನದಾಗುತ್ತದೆ, ಚಿತ್ರವೂ ಕೆಡುತ್ತದೆ. ಕಣ್ಣು, ಚರ್ಮ, ಕೆಮ್ಮು ಎಂಬ ಮೂರು ಪ್ರಶ್ನೆಗಳನ್ನು ಕೇಳಲು ಎರಡು ನಿಮಿಷವೂ ಬೇಕಾಗುವುದಿಲ್ಲ. ಎಲ್ಲರಿಗೂ ಪೆಟ್ ಸ್ಕ್ಯಾನ್ ಬೇಕೆಂಬುದು ನನ್ನ ವಾದವಲ್ಲ. ಜಿಲ್ಲಾ ಕೇಂದ್ರಗಳಲ್ಲಿ ಅದು ಸಿಗುವುದೂ ಕಷ್ಟ. ಪೇಸ್‌ಮೇಕರ್ ಬಡಿತದ ಸಂಖ್ಯೆಯನ್ನು ಸರಿಪಡಿಸಿದ ಕೂಡಲೇ ರೋಗಿಯೂ ವೈದ್ಯರೂ ಒಟ್ಟಿಗೆ ನೆಮ್ಮದಿಗೊಳ್ಳುತ್ತಾರಲ್ಲ, ಆ ನೆಮ್ಮದಿಯನ್ನೇ ನಾನು ಅನುಮಾನದಿಂದ ನೋಡತೊಡಗಿದ್ದೇನೆ.

ಪೆಟ್ ಸಿದ್ಧತೆಯ ಚೀಟಿಯನ್ನು ಹೊಸದಾಗಿ ಬರೆದೆವು. ಉಪವಾಸ ಎಂಬ ಪದವನ್ನು ತೆಗೆದುಹಾಕಿ ತಿನ್ನಬಹುದಾದ ಮತ್ತು ತಿನ್ನಬಾರದ ಪದಾರ್ಥಗಳನ್ನು ಹೆಸರಿಸಿ, ಅವಲಕ್ಕಿ, ಸಬ್ಬಕ್ಕಿ, ಹಣ್ಣು, ಹಾಲು, ಎಳನೀರು ಎಲ್ಲವನ್ನೂ ಬೇಡದ ಪಟ್ಟಿಗೆ ಸೇರಿಸಿದೆವು. ಮುದ್ರಣಕ್ಕೆ ಕೊಡುವ ಮುನ್ನ ಕರಡನ್ನು ಇದೇ ರೋಗಿಗೆ ತೋರಿಸಿದೆ. ಕನ್ನಡಕ ಏರಿಸಿ ನಿಧಾನವಾಗಿ ಓದಿದ ಅವರು, "ಪ್ರಸಾದನೂ ಬೇಡ ಅಂತ ಬರೀರಿ ಸಾರ್, ಪ್ರಸಾದನ ಯಾರೂ ಊಟದ ಲೆಕ್ಕಕ್ಕೆ ಹಿಡಿಯಲ್ಲ," ಎಂದರು. ಬರೆದೆವು.